ಕಟ್‌ವರ್ಕ್ ಕಸೂತಿ: ತೂತು ಮಾಡಿದ ಬಟ್ಟೆ ಹರಿಯದೆ ಉಳಿಯುವುದು ಹೇಗೆ?

ಮದುವೆಯ ಕಾಲ ಬಂತೆಂದರೆ ಟೈಲರ್ ಅಂಗಡಿಗಳಲ್ಲಿ ‘ಕಟ್‌ವರ್ಕ್ ಬ್ಲೌಸ್’ ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಬೆನ್ನಿನ ಮೇಲೊಂದು ನವಿಲು, ತೋಳಿನ ಅಂಚಿಗೆ ಎಲೆಬಳ್ಳಿ, ನಡುನಡುವೆ ಬಟ್ಟೆಯೇ ಇಲ್ಲದ ಕಿಂಡಿಗಳು. ಮೇಜಿನ ಹಾಸು, ದಿಂಬಿನ ಚೀಲ, ಮಗುವಿನ ಫ್ರಾಕು, ಸೀರೆಯ ಅಂಚು ಇವುಗಳಲ್ಲೂ ಈ ಕೆಲಸ ಕಾಣಸಿಗುತ್ತದೆ. ಕೆಲವು ವರ್ಷಗಟ್ಟಲೆ ಒಗೆದರೂ ಹಾಗೆಯೇ ಇರುತ್ತವೆ. ಕೆಲವು ಮೂರನೇ ಒಗೆತಕ್ಕೇ ಎಳೆ ಬಿಟ್ಟುಕೊಂಡು ಹರಿಯುತ್ತವೆ. ‘ಕತ್ತರಿಸಿದ ಬಟ್ಟೆ ತಾನೇ, ಎಷ್ಟು ದಿನ ಬಾಳೀತು’ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ ಚೆನ್ನಾಗಿ ಮಾಡಿದ ಕಟ್‌ವರ್ಕಿನಲ್ಲಿ ಕಿಂಡಿಯ ಅಂಚು ಗಟ್ಟಿಯಾಗಿಯೇ ಇರುತ್ತದೆ. ಅದು ಕೆಡುವುದು ಕತ್ತರಿ ಆಡಿಸಿದ್ದರಿಂದಲ್ಲ, ಅಂಚನ್ನು ಹಿಡಿದಿಡಬೇಕಿದ್ದ ಸೂಜಿಯ ಕೆಲಸ ಸರಿಯಾಗಿ ಆಗದಿದ್ದರಿಂದ.

ಕಟ್‌ವರ್ಕ್ ಎಂದರೆ ಬಟ್ಟೆಯ ಮೇಲೆ ಚಿತ್ರ ಬರೆದು, ಅದರ ಗೆರೆಗಳನ್ನು ದಾರದಿಂದ ಬಿಗಿದು, ಆ ಗೆರೆಗಳ ಒಳಗಿನ ಅಥವಾ ನಡುವಿನ ಬಟ್ಟೆಯನ್ನು ಕತ್ತರಿಸಿ ತೆಗೆಯುವ ಕಸೂತಿ. ಸಾಮಾನ್ಯ ಕಸೂತಿಯಲ್ಲಿ ಬಟ್ಟೆಗೆ ಏನನ್ನೋ ಸೇರಿಸುತ್ತೇವೆ. ಇಲ್ಲಿ ಸೇರಿಸಿ, ಆಮೇಲೆ ಕಳೆಯುತ್ತೇವೆ.

ಎಳೆ ಬಿಚ್ಚಿಕೊಳ್ಳುವುದು ಏಕೆ?

ನೇಯ್ದ ಬಟ್ಟೆಯಲ್ಲಿ ಅಂಟು ಇಲ್ಲ, ಗಂಟೂ ಇಲ್ಲ. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು, ಒಂದರ ಮೇಲೊಂದು ಕೆಳಗೊಂದು ಹಾದು ಹೋಗಿರುತ್ತವೆ, ಅಷ್ಟೇ. ಇಡೀ ಬಟ್ಟೆಯನ್ನು ಒಟ್ಟಿಗೆ ಹಿಡಿದಿರುವುದು ಎಳೆಗಳ ನಡುವಿನ ತಿಕ್ಕಾಟ, ಅಂದರೆ ಘರ್ಷಣೆ. ಒಂದು ಎಳೆ ನೂರಾರು ಕಡೆ ಬೇರೆ ಎಳೆಗಳನ್ನು ಬಳಸಿಕೊಂಡು ಹೋಗುವುದರಿಂದ ಅದನ್ನು ಎಳೆದು ತೆಗೆಯುವುದು ಕಷ್ಟ. ಬಾವಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿದರೆ ತುಂಬಿದ ಕೊಡವನ್ನೂ ಒಂದೇ ಕೈಯಲ್ಲಿ ತಡೆದು ನಿಲ್ಲಿಸಬಹುದಲ್ಲ, ಅದೇ ತತ್ವ. ಸುತ್ತು ಹೆಚ್ಚಿದಂತೆ ಹಿಡಿತ ಕೂಡುವುದಿಲ್ಲ, ಗುಣಿಸುತ್ತದೆ.

ಕತ್ತರಿ ಹಾಕಿದ ಜಾಗದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಂಚಿನ ಪಕ್ಕದ ತುಂಡು ಎಳೆಗೆ ಹಿಡಿದುಕೊಳ್ಳಲು ನಾಲ್ಕೋ ಐದೋ ದಾಟುಗಳು ಮಾತ್ರ ಉಳಿದಿರುತ್ತವೆ. ಒಗೆಯುವಾಗ ನೀರು ಎಳೆದಾಡುತ್ತದೆ, ಸೋಪು ತಿಕ್ಕಾಟವನ್ನು ಕಡಿಮೆ ಮಾಡುತ್ತದೆ, ತುಂಡು ಎಳೆ ಜಾರಿ ಬೀಳುತ್ತದೆ. ಈಗ ಅದರ ಪಕ್ಕದ ಎಳೆ ಅಂಚಿಗೆ ಬಂತು. ಮುಂದಿನ ಸರದಿ ಅದರದು.

ದುಂಡನೆಯ ಕಿಂಡಿಯೊಂದನ್ನು ನೋಡಿದರೆ ಅದು ಎಲ್ಲ ಕಡೆಯೂ ಒಂದೇ ಸಮ ಬಿಚ್ಚಿಕೊಳ್ಳುವುದಿಲ್ಲ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಈ ನಾಲ್ಕು ಕಡೆ ಅಂಚು ಎಳೆಗಳಿಗೆ ಸಮಾನಾಂತರವಾಗಿ ಓಡುತ್ತದೆ. ಅಲ್ಲಿನ ಎಳೆ ಸುಲಭವಾಗಿ ಉದುರುತ್ತದೆ. ಓರೆಯಾಗಿ ಕತ್ತರಿಸಿದ ಜಾಗಗಳಲ್ಲಿ ಹಾಸು ಹೊಕ್ಕು ಎರಡೂ ಅಂಚಿಗೆ ಓರೆಯಾಗಿ ಬಂದು ಮುಟ್ಟುವುದರಿಂದ ಒಂದು ಇನ್ನೊಂದನ್ನು ತಡೆಯುತ್ತದೆ. ಬಟ್ಟೆ ಅಂಗಡಿಯವರು ಸ್ಯಾಂಪಲ್ ತುಂಡುಗಳನ್ನು ಹಲ್ಲುಹಲ್ಲಾದ ಕತ್ತರಿಯಿಂದ ಕತ್ತರಿಸುವುದು ಇದೇ ಕಾರಣಕ್ಕೆ. ನಿಮ್ಮ ಹಳೆಯ ಕಟ್‌ವರ್ಕ್ ಬಟ್ಟೆಯಲ್ಲಿ ಯಾವ ಭಾಗ ಮೊದಲು ಸಡಿಲವಾಗಿದೆ ಎಂದು ಒಮ್ಮೆ ಗಮನಿಸಿ.

ಇದು ಒಂದು ಸಮಸ್ಯೆ. ಇನ್ನೊಂದು, ಎಳೆತದ್ದು. ತೋಳು ಮಡಚಿದಾಗ ಬಟ್ಟೆಯ ಮೇಲೆ ಬೀಳುವ ಬಲ ಎಳೆಗಳ ಮೂಲಕ ಹರಿಯುತ್ತದೆ. ಕಿಂಡಿಯ ಜಾಗದಲ್ಲಿ ಆ ಎಳೆಗಳೇ ಇಲ್ಲದಿರುವುದರಿಂದ ಅವುಗಳ ಪಾಲಿನ ಹೊರೆಯನ್ನು ಪಕ್ಕದವು ಹೊರಬೇಕು. 1898ರಲ್ಲಿ ಜರ್ಮನಿಯ ಎಂಜಿನಿಯರ್ ಎರ್ನ್ಸ್ಟ್ ಗುಸ್ತಾವ್ ಕಿರ್ಶ್ ಲೋಹದ ಅಗಲವಾದ ತಗಡಿನಲ್ಲಿ ದುಂಡನೆಯ ತೂತಿದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು: ತೂತಿನ ಪಕ್ಕದಲ್ಲಿ ಎಳೆತ ಮೂರು ಪಟ್ಟಾಗುತ್ತದೆ. ತೂತು ಚೂಪಾಗಿದ್ದರೆ ಅದಕ್ಕಿಂತಲೂ ಹೆಚ್ಚು. ಬಟ್ಟೆ ತಗಡಲ್ಲ, ಅದರ ಎಳೆಗಳು ಸ್ವಲ್ಪ ಸರಿದು ಹೊಂದಿಕೊಳ್ಳುತ್ತವೆ. ಹಾಗಾಗಿ ಈ ಅಂಕಿಯನ್ನು ಹಾಗೆಯೇ ಇಲ್ಲಿಗೆ ತರಲಾಗದು. ಆದರೂ ದಿಕ್ಕು ಅದೇ. ಎಲೆಯ ತುದಿ, ಹೂವಿನ ಎಸಳಿನ ಮೊನೆ, ಚೌಕದ ಮೂಲೆ, ಇಲ್ಲಿಂದಲೇ ಹರಿತ ಶುರುವಾಗುವುದು.

ಒಳ್ಳೆಯ ಕಟ್‌ವರ್ಕ್ ಈ ಎರಡಕ್ಕೂ ಉತ್ತರ ಕೊಡಬೇಕು: ಎಳೆ ಜಾರಬಾರದು, ಬಲ ಒಂದೇ ಕಡೆ ಸೇರಬಾರದು.

ಸೂಜಿ ಮೊದಲು, ಕತ್ತರಿ ಆಮೇಲೆ

ಕೈಯಿಂದ ಮಾಡುವ ಸಾಂಪ್ರದಾಯಿಕ ಕ್ರಮ ಹೀಗಿದೆ. ಒತ್ತಾಗಿ ನೇಯ್ದ ಹತ್ತಿ ಅಥವಾ ಲಿನನ್ ಬಟ್ಟೆಯ ಮೇಲೆ ಚಿತ್ರವನ್ನು ಇಳಿಸಿಕೊಳ್ಳುತ್ತಾರೆ. ನಮ್ಮಲ್ಲಿ ಟ್ರೇಸಿಂಗ್ ಕಾಗದಕ್ಕೆ ಸೂಜಿಯಿಂದ ಸಾಲಾಗಿ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಒರೆಸಿ ಚಿತ್ರ ಮೂಡಿಸುವ ಪದ್ಧತಿ ಇದೆ. ಆಮೇಲೆ ಪ್ರತಿ ಗೆರೆಯ ಮೇಲೂ ಒತ್ತೊತ್ತಾಗಿ ಎರಡು ಸಾಲು ರನ್ನಿಂಗ್ ಹೊಲಿಗೆ. ಇದು ಕಣ್ಣಿಗೆ ಕಾಣದ ಅಡಿಪಾಯ. ಕಿಂಡಿ ದೊಡ್ಡದಾಗಿದ್ದರೆ, ಎರಡನೇ ಸಾಲು ಹಾಕುತ್ತ ಹೋಗುವಾಗಲೇ ಈ ದಡದಿಂದ ಆ ದಡಕ್ಕೆ ಎರಡು ಮೂರು ಬಾರಿ ದಾರ ಎಳೆದು, ಅದರ ಮೇಲೆ ಕಾಜಾ ಹೊಲಿಗೆ ಸುತ್ತಿ ಸಣ್ಣ ಸೇತುವೆ ಕಟ್ಟುತ್ತಾರೆ. ಸೇತುವೆಯ ಕೆಳಗೆ ಬಟ್ಟೆ ಇನ್ನೂ ಇದೆ. ಆದರೆ ಸೂಜಿ ಅದನ್ನು ಚುಚ್ಚಬಾರದು. ಚುಚ್ಚಿದರೆ ಕೊನೆಗೆ ಬಟ್ಟೆ ತೆಗೆಯುವಾಗ ಸೇತುವೆಯೂ ಕತ್ತರಿಗೆ ಸಿಗುತ್ತದೆ.

ನಂತರ ಗೆರೆಯ ಉದ್ದಕ್ಕೂ ಕಾಜಾ ಹೊಲಿಗೆ. ಅಂಗಿಯ ಗುಂಡಿ ಹಾಕುವ ಕಾಜಾಕ್ಕೆ ಬಳಸುವ ಅದೇ ಜಾತಿಯ ಹೊಲಿಗೆ ಇದು. ದಾರ ಪ್ರತಿ ಸಲವೂ ಅಂಚಿನಲ್ಲಿ ಒಂದು ಕುಣಿಕೆ ಮಾಡಿ ಮುಂದೆ ಸಾಗುತ್ತದೆ. ಈ ಕುಣಿಕೆಗಳ ಸಾಲು ಯಾವ ಕಡೆ ಬಟ್ಟೆ ಹೋಗಲಿದೆಯೋ ಆ ಕಡೆಗೇ ಮುಖ ಮಾಡಿರಬೇಕು. ಆಗ ಕಿಂಡಿಯ ಸುತ್ತ ಹೆಣೆದ ಹಗ್ಗದಂಥ ಒಂದು ಬಳೆ ಏರ್ಪಡುತ್ತದೆ. ತುಂಡು ಎಳೆಗಳು ಅದರೊಳಗೆ ಸಿಕ್ಕಿಬೀಳುತ್ತವೆ, ಎಳೆತದ ಬಲ ಆ ಬಳೆಯ ಸುತ್ತ ಹಂಚಿಹೋಗುತ್ತದೆ. ಸೇತುವೆಗಳು ಎದುರುಬದುರು ದಡಗಳು ಬಾಯಿ ಬಿಡದಂತೆ ಹಿಡಿಯುತ್ತವೆ. ಅವು ಬರಿಯ ಅಲಂಕಾರ ಎಂದುಕೊಂಡು ಕೆಲಸ ಬೇಗ ಮುಗಿಸಲು ಬಿಟ್ಟುಬಿಟ್ಟರೆ, ಕಿಂಡಿ ಕ್ರಮೇಣ ಜೋಲುಬೀಳುತ್ತದೆ.

ಇಷ್ಟೆಲ್ಲ ಆದಮೇಲೆ ಬಟ್ಟೆಯನ್ನು ತಿರುವಿ, ಹಿಂಬದಿಯಿಂದ, ಮೊನೆಯಾದ ಸಣ್ಣ ಕತ್ತರಿಯಲ್ಲಿ ಹೊಲಿಗೆಗೆ ತಾಗಿಯೂ ತಾಗದಂತೆ ಕತ್ತರಿಸುತ್ತಾರೆ. ದಿನಗಟ್ಟಲೆ ಮಾಡಿದ ಕೆಲಸ ಒಂದೇ ತಪ್ಪು ಕಚಕ್ಕಿನಲ್ಲಿ ಹಾಳಾಗುವುದು ಈ ಘಟ್ಟದಲ್ಲೇ. ಕತ್ತರಿಸುವ ಕೆಲಸವನ್ನು ಕೈಪಳಗಿದವರಿಗೇ ಬಿಡುವುದು ಆಶ್ಚರ್ಯವಲ್ಲ.

ಇದಕ್ಕೆ ಅಪವಾದಗಳಿವೆ. ಚಿಕ್ಕ ದುಂಡು ಕಣ್ಣುಗಳಿಗೆ ಸುತ್ತ ರನ್ನಿಂಗ್ ಹೊಲಿಗೆ ಹಾಕಿ, ನಡುವೆ ಚುಚ್ಚಿ ತೂತು ಅಗಲಿಸಿ, ಅಂಚನ್ನು ಹಿಂದಕ್ಕೆ ಮಡಚುತ್ತ ಮೇಲಿನಿಂದ ದಾರ ಸುತ್ತುತ್ತಾರೆ. ಕಂಪ್ಯೂಟರ್ ಕಸೂತಿ ಯಂತ್ರದಲ್ಲೂ ಮೊದಲು ಅಂಚಿನ ಹೊಲಿಗೆ, ನಡುವೆ ನಿಲ್ಲಿಸಿ ಕತ್ತರಿ, ಆಮೇಲೆ ಒತ್ತಾದ ಸ್ಯಾಟಿನ್ ಹೊಲಿಗೆ. ಹೇಗೇ ಮಾಡಲಿ, ಒಂದು ಸಾಲು ದಾರವಾದರೂ ಬೀಳದೆ ಬಟ್ಟೆಗೆ ಕತ್ತರಿ ತಾಗುವುದಿಲ್ಲ.

ಆರಿ ಕೆಲಸದ ಬ್ಲೌಸುಗಳಲ್ಲಿ ತಕರಾರು ಹೆಚ್ಚಾಗಿ ಬರುವುದಕ್ಕೂ ಇಲ್ಲೇ ಕಾರಣ ಸಿಗುತ್ತದೆ. ಆರಿ ಕೊಕ್ಕೆಸೂಜಿಯಿಂದ ಬರುವುದು ಸರಪಳಿ ಹೊಲಿಗೆ. ಅದು ಬಟ್ಟೆಯ ಮೇಲೆ ಚೆಂದವಾಗಿ ಕೂರುತ್ತದೆಯೇ ಹೊರತು ಅಂಚನ್ನು ಸುತ್ತಿ ಹಿಡಿಯುವುದಿಲ್ಲ. ಮೇಲಾಗಿ ಅಕ್ಕಿ ಮೂಟೆಯ ಬಾಯಿಯ ದಾರವನ್ನು ಸರಿಯಾದ ತುದಿಯಿಂದ ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದಲ್ಲ, ಅದೂ ಸರಪಳಿ ಹೊಲಿಗೆಯೇ. ಬರೀ ಸರಪಳಿ ಸಾಲಿನ ಪಕ್ಕದಲ್ಲಿ ಬಟ್ಟೆ ಕತ್ತರಿಸಿ ‘ಕಟ್‌ವರ್ಕ್’ ಎಂದು ಕೊಟ್ಟರೆ ಅದು ಬಾಳುವುದಿಲ್ಲ. ಅಂಚಿಗೆ ಬೇರೆ ಒತ್ತು ಹೊಲಿಗೆ, ಹಿಂಬದಿಗೆ ಅಂಟಿಸಿದ ಕ್ಯಾನ್ವಾಸ್ ಅಥವಾ ನೆಟ್ ಬೇಕು.

ಹೆಸರು ಕಟ್‌ವರ್ಕ್, ತೂತು ಎಲ್ಲಿ?

ಅಂಗಡಿಯಲ್ಲಿ ‘ಬನಾರಸಿ ಕಟ್‌ವರ್ಕ್ ಸೀರೆ’ ಕೇಳಿ ನೋಡಿ. ಕೈಗೆ ಬರುವ ಸೀರೆಯಲ್ಲಿ ಒಂದು ಕಿಂಡಿಯೂ ಇರುವುದಿಲ್ಲ. ಇದು ಮೋಸವಲ್ಲ, ಪದ ಬೇರೆ. ಬನಾರಸ್ ಮಗ್ಗದಲ್ಲಿ ಹೂವಿನ ಬುಟ್ಟಾ ನೇಯಲು ಹೆಚ್ಚುವರಿ ಹೊಕ್ಕನ್ನು ಈ ಅಂಚಿನಿಂದ ಆ ಅಂಚಿಗೆ ಹಾಯಿಸುತ್ತಾರೆ. ಬುಟ್ಟಾ ಇಲ್ಲದ ಜಾಗದಲ್ಲಿ ಆ ಎಳೆ ಸೀರೆಯ ಹಿಂಬದಿಯಲ್ಲಿ ಸುಮ್ಮನೆ ತೇಲುತ್ತಿರುತ್ತದೆ. ನೇಯ್ಗೆ ಮುಗಿದ ಮೇಲೆ ಹೀಗೆ ತೇಲುವ ಎಳೆಗಳನ್ನು ಕತ್ತರಿಸಿ ತೆಗೆಯುತ್ತಾರೆ. ಅದಕ್ಕೇ ಕಟ್‌ವರ್ಕ್ ಎಂಬ ಹೆಸರು. ಪ್ರತಿ ಬುಟ್ಟಾವನ್ನೂ ಅಲ್ಲಲ್ಲೇ ಬೇರೆ ಬೇರೆ ನೂಲಿನಿಂದ ನೇಯುವ ‘ಕಢುವಾ’ ಸೀರೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ಬೆಲೆಯೂ ಹೆಚ್ಚು. ಸೀರೆಯ ಹಿಂಬದಿ ತಿರುವಿ ನೋಡಿ, ಬುಟ್ಟಾಗಳ ಪಕ್ಕದಲ್ಲಿ ಕತ್ತರಿಸಿದ ನೂಲಿನ ಚಿಕ್ಕ ಚಿಕ್ಕ ತುದಿಗಳು ಕಂಡರೆ ಅದು ಕಟ್‌ವರ್ಕ್.

ಇದಕ್ಕೆ ಸರಿಯಾಗಿ ತಿರುಗುಮುರುಗು ಲಖನೌದ ಚಿಕನ್ ಕಸೂತಿಯ ಜಾಲಿ. ಅಲ್ಲಿ ಕಿಂಡಿಗಳಿವೆ, ಕತ್ತರಿಯೇ ಇಲ್ಲ! ತೆಳು ಮಲ್ಮಲ್ ಬಟ್ಟೆಯ ಎಳೆಗಳನ್ನು ಸೂಜಿಯಿಂದ ಅತ್ತಿತ್ತ ಸರಿಸಿ, ದಾರದಿಂದ ಬಿಗಿದು ಕಟ್ಟಿ ಜರಡಿಯಂಥ ಜಾಲ ಮಾಡುತ್ತಾರೆ. ಒಂದು ಎಳೆಯೂ ತುಂಡಾಗಿರುವುದಿಲ್ಲ. ಲಖನೌ ಚಿಕನ್‌ಗೆ 2008ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆದರೂ ಯಂತ್ರದಲ್ಲಿ ತೂತು ಹಾಕಿದ ಬಟ್ಟೆಯನ್ನು ‘ಚಿಕನ್’ ಎಂದು ಮಾರುವುದು ನಿಂತಿಲ್ಲ.

ನಾರ್ವೆಯ ಪಶ್ಚಿಮ ಕರಾವಳಿಯ ಹಾರ್ಡಂಗರ್ ಕಸೂತಿ ಇವೆರಡರ ನಡುವಿನದು. ಅಲ್ಲಿ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಾರೆ. ನಾಲ್ಕು ಎಳೆಗಳ ಮೇಲೆ ಐದು ಹೊಲಿಗೆ ಹಾಕಿದರೆ ಒಂದು ಕಟ್ಟು. ಎದುರುಬದುರು ಕಟ್ಟುಗಳ ನಡುವಿನ ನಾಲ್ಕು ಎಳೆಗಳನ್ನಷ್ಟೇ ಕತ್ತರಿಸಿ ಹೊರಗೆಳೆಯುತ್ತಾರೆ, ಉಳಿದ ಎಳೆಗಳಿಗೆ ದಾರ ಸುತ್ತಿ ಕಂಬಿ ಮಾಡುತ್ತಾರೆ. ಧಾರವಾಡ ಕಡೆಯ ಕಸೂತಿಯೂ ಹೀಗೆ ಎಳೆ ಎಣಿಸಿ ಮಾಡುವಂಥದೇ. ಆದರೆ ನಮ್ಮ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಯಾವುದರಲ್ಲೂ ಬಟ್ಟೆಗೆ ಕತ್ತರಿ ಇಲ್ಲ. ಇಳಕಲ್ ಸೀರೆಯ ಮೇಲೆ ಕತ್ತರಿ ಆಡಿಸುವ ಧೈರ್ಯ ಯಾರಿಗಿದೆ?

ಇನ್ನು ‘ಹಕೋಬಾ’. ಸಣ್ಣ ಸಣ್ಣ ಕಣ್ಣುಗಳಿರುವ ಹತ್ತಿ ಬಟ್ಟೆಗೆ ನಮ್ಮ ಮನೆಗಳಲ್ಲಿ ಇದೇ ಹೆಸರು. ನಿಜಕ್ಕೂ ಇದು ಒಂದು ಬ್ರಾಂಡಿನ ಹೆಸರು. ಜನರ ಬಾಯಲ್ಲಿ ಬಟ್ಟೆಯ ಹೆಸರೇ ಆಗಿಹೋಗಿದೆ. ಆ ಬಗೆಯ ಕೆಲಸವನ್ನು ಯುರೋಪಿನಲ್ಲಿ ಬ್ರೋಡರಿ ಆಂಗ್ಲೇಸ್ ಎನ್ನುತ್ತಾರೆ. ಫ್ರೆಂಚ್‌ನಲ್ಲಿ ‘ಇಂಗ್ಲಿಷ್ ಕಸೂತಿ’ ಎಂದರ್ಥ.

ಬಟ್ಟೆಯೇ ಇಲ್ಲದಂತಾದ ಕಥೆ

ಯುರೋಪಿನಲ್ಲಿ ಈ ಕಲೆಗೆ ಮೆರುಗು ಬಂದದ್ದು 16ನೇ ಶತಮಾನದ ಇಟಲಿಯಲ್ಲಿ. ಅಲ್ಲಿನ ರೆಟಿಚೆಲ್ಲಾ ಕೆಲಸದಲ್ಲಿ ಲಿನನ್ ಬಟ್ಟೆಯ ಹೆಚ್ಚಿನ ಎಳೆಗಳನ್ನು ಕತ್ತರಿಸಿ ತೆಗೆದು, ಅಲ್ಲೊಂದು ಇಲ್ಲೊಂದು ಎಳೆಯಷ್ಟೇ ಉಳಿಸಿ ಚೌಕಳಿ ಮಾಡುತ್ತಿದ್ದರು. ಆ ಚೌಕಳಿಗಳ ಒಳಗೆ ಸೂಜಿಯಿಂದ ನಕ್ಷತ್ರ, ಚಕ್ರ, ಹೂವು. ಕಾಲ ಕಳೆದಂತೆ ಉಳಿಸುವ ಬಟ್ಟೆ ಕಡಿಮೆಯಾಗುತ್ತ, ತುಂಬುವ ದಾರ ಹೆಚ್ಚಾಗುತ್ತ ಬಂತು. ಕೊನೆಗೆ ಯಾರಿಗೋ ಅನ್ನಿಸಿರಬೇಕು: ಹೇಗೂ ಕತ್ತರಿಸಿ ಬಿಸಾಡುವ ಬಟ್ಟೆ ಯಾಕೆ ಬೇಕು? ಚರ್ಮಕಾಗದದ ಮೇಲೆ ಚಿತ್ರ ಬರೆದು, ಗೆರೆಗಳ ಮೇಲೆ ದಾರ ಇಟ್ಟು ತಾತ್ಕಾಲಿಕವಾಗಿ ಹೊಲಿದು, ಆ ದಾರಗಳ ನಡುವೆಯೇ ಕಾಜಾ ಹೊಲಿಗೆ ಹೆಣೆದು, ಕೊನೆಯಲ್ಲಿ ಕಾಗದದಿಂದ ಬಿಡಿಸಿಬಿಟ್ಟರು. ಇದಕ್ಕೆ ಇಟ್ಟ ಹೆಸರು ಪುಂತೊ ಇನ್ ಆರಿಯಾ, ‘ಗಾಳಿಯಲ್ಲಿ ಹೊಲಿಗೆ’. ಸೂಜಿಯಿಂದ ಹೆಣೆಯುವ ಲೇಸ್ ಹುಟ್ಟಿದ್ದು ಹೀಗೆ. ಕಿಂಡಿಯನ್ನು ಹಿಡಿದಿಡುವುದು ದಾರವೇ ಹೊರತು ಬಟ್ಟೆಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆಗ ಮಾದರಿ ಪುಸ್ತಕಗಳೂ ಅಚ್ಚಾಗುತ್ತಿದ್ದವು. ಫೆಡೆರಿಕೊ ವಿಂಚೊಲೊ ಎಂಬ ವೆನಿಸ್‌ನವನ ಪುಸ್ತಕ 1587ರಲ್ಲಿ ಪ್ಯಾರಿಸ್‌ನಲ್ಲಿ, ಚೇಸರೆ ವೆಚೆಲ್ಲಿಯೊನದು 1591ರಲ್ಲಿ ವೆನಿಸ್‌ನಲ್ಲಿ ಬಂತು. ಇಂಗ್ಲೆಂಡಿನ ಒಂದನೇ ಎಲಿಜಬೆತ್ ರಾಣಿಯ ಕಾಲದ ಚಿತ್ರಗಳಲ್ಲಿ ಕತ್ತಿನ ಸುತ್ತ ತಟ್ಟೆಯಂತೆ ನಿಂತಿರುವ ಕಾಲರುಗಳನ್ನು ನೋಡಿರಬಹುದು. ಕಟ್‌ವರ್ಕ್ ಮತ್ತು ಲೇಸ್ ತಮ್ಮ ಸಿರಿವಂತಿಕೆ ತೋರಿಸಿಕೊಂಡದ್ದು ಅಲ್ಲಿ.

ಸೇತುವೆಗಳಿರುವ ಕಟ್‌ವರ್ಕಿಗೆ ‘ರಿಶಲ್ಯೂ’ ಎಂಬ ಹೆಸರಿದೆ. ಫ್ರಾನ್ಸಿನ ಪ್ರಧಾನಮಂತ್ರಿಯಾಗಿದ್ದ ಕಾರ್ಡಿನಲ್ ರಿಶಲ್ಯೂ ಇಟಲಿಯಿಂದ ಕುಶಲಕರ್ಮಿಗಳನ್ನು ಕರೆಸಿ ಇದನ್ನು ಶುರುಮಾಡಿಸಿದ ಎಂಬ ಕಥೆ ಕಸೂತಿ ಪುಸ್ತಕಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹರಿದುಬಂದಿದೆ. ರಿಶಲ್ಯೂ ತೀರಿಕೊಂಡದ್ದು 1642ರಲ್ಲಿ. ಫ್ರಾನ್ಸ್ ಸರ್ಕಾರ ಲೇಸ್ ಉದ್ಯಮವನ್ನು ದೊಡ್ಡ ಮಟ್ಟದಲ್ಲಿ ಕಟ್ಟಲು ಹೊರಟದ್ದು 1665ರಲ್ಲಿ, ಕೋಲ್ಬೆರ್ ಎಂಬ ಮಂತ್ರಿಯ ಕಾಲದಲ್ಲಿ. ಸೇತುವೆಗೆ ಪುಟ್ಟ ಮುಳ್ಳಿನಂಥ ಕುಣಿಕೆಗಳಿದ್ದರೆ ರಿಶಲ್ಯೂ, ಇಲ್ಲದಿದ್ದರೆ ರಿನೈಸಾನ್ಸ್, ಅಂಚು ಉಬ್ಬಿದ್ದರೆ ವೆನೀಶಿಯನ್ ಎಂಬ ವಿಂಗಡಣೆ 19ನೇ ಶತಮಾನದ ಕೈಪಿಡಿಗಳಿಂದ ಹರಡಿದ್ದು. ಇಂಥದೇ ಇನ್ನೊಂದು ಕಥೆ ಸೈಪ್ರಸ್ ದ್ವೀಪದ ಲೆಫ್ಕರಾ ಊರಿನದು. 1481ರಲ್ಲಿ ಲಿಯೊನಾರ್ಡೊ ಡಾ ವಿಂಚಿಯೇ ಬಂದು ಇಲ್ಲಿನ ಕಸೂತಿ ಬಟ್ಟೆಯನ್ನು ಮಿಲಾನ್ ಇಗರ್ಜಿಗೆ ಕೊಂಡೊಯ್ದ ಎನ್ನುತ್ತಾರೆ. ಅವನು ಸೈಪ್ರಸ್‌ಗೆ ಹೋಗಿದ್ದ ಎಂಬುದಕ್ಕೇ ಗಟ್ಟಿ ದಾಖಲೆಯಿಲ್ಲ. ಲೆಫ್ಕರಾ ಕೆಲಸಕ್ಕೆ ಆ ಕಥೆಯ ಹಂಗೂ ಬೇಕಿಲ್ಲ, 2009ರಲ್ಲಿ ಅದು ಯುನೆಸ್ಕೋದ ಪಟ್ಟಿ ಸೇರಿದೆ.

ಪೋರ್ಚುಗಲ್‌ಗೆ ಸೇರಿದ ಮಡೀರಾ ದ್ವೀಪದಲ್ಲಿ 1850ರ ದಶಕದಲ್ಲಿ ಎಲಿಜಬೆತ್ ಫೆಲ್ಪ್ಸ್ ಎಂಬ ಇಂಗ್ಲಿಷ್ ವರ್ತಕನ ಮಗಳು ಸ್ಥಳೀಯ ಹೆಂಗಸರ ಕಸೂತಿಯನ್ನು ಇಂಗ್ಲೆಂಡಿನಲ್ಲಿ ಮಾರಲು ಶುರುಮಾಡಿದಳು. ಮನೆಮನೆಯ ಆ ಕೆಲಸ ಮುಂದೆ ದ್ವೀಪದ ದೊಡ್ಡ ಆದಾಯಗಳಲ್ಲಿ ಒಂದಾಯಿತು.

ಯಂತ್ರ, ಕ್ಷಾರ, ಬೆಂಕಿ

ಕಸೂತಿ ಯಂತ್ರವನ್ನು ಮೊದಲು ಮಾಡಿದ್ದು ಫ್ರಾನ್ಸಿನ ಮುಲೂಸ್‌ನ ಜೋಸ್ವೆ ಐಲ್ಮನ್, 1828ರಲ್ಲಿ. 1863ರಲ್ಲಿ ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ ಶಿಫ್ಲಿ ಯಂತ್ರ ತಂದ. ಅದರ ಲಾಳಿ ಚಿಕ್ಕ ದೋಣಿಯಂತಿತ್ತು. ‘ಶಿಫ್ಲಿ’ ಎಂದರೆ ಪುಟ್ಟ ದೋಣಿ. ಹೊಲಿಗೆ ಯಂತ್ರದಂತೆ ಮೇಲೊಂದು ದಾರ, ಕೆಳಗೊಂದು ದಾರ, ನೂರಾರು ಸೂಜಿಗಳು ಏಕಕಾಲಕ್ಕೆ ಓಡುತ್ತವೆ, ಚೂಪು ಮೊನೆಗಳು ತೂತು ಚುಚ್ಚುತ್ತವೆ. ನಾವು ಮೀಟರ್ ಲೆಕ್ಕದಲ್ಲಿ ಕೊಳ್ಳುವ ಕಣ್ಣುಗಳ ಹತ್ತಿ ಬಟ್ಟೆ ಬರುವುದು ಇಂಥ ಯಂತ್ರಗಳಿಂದ.

1880ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್‌ನವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ರೇಷ್ಮೆ ಬಟ್ಟೆಯ ಮೇಲೆ ಹತ್ತಿ ದಾರದಿಂದ ಒತ್ತಾಗಿ ಕಸೂತಿ ಹಾಕಿ, ಆಮೇಲೆ ರೇಷ್ಮೆಯನ್ನು ರಾಸಾಯನಿಕದಿಂದ ಕರಗಿಸಿಬಿಟ್ಟರು. ರೇಷ್ಮೆ ಪ್ರೋಟೀನು, ಕಾಸ್ಟಿಕ್ ಸೋಡಾದಂಥ ಪ್ರಬಲ ಕ್ಷಾರದಲ್ಲಿ ಕರಗುತ್ತದೆ. ಹತ್ತಿ ಸೆಲ್ಯುಲೋಸು, ತಡೆದುಕೊಳ್ಳುತ್ತದೆ. ಉಳಿದದ್ದು ದಾರದ ಜಾಲ. ಕತ್ತರಿ ಇಲ್ಲದ ಕಟ್‌ವರ್ಕ್! ಈಗ ರೇಷ್ಮೆಯ ಬದಲು ನೀರಲ್ಲೇ ಕರಗುವ ಪಾಲಿವಿನೈಲ್ ಆಲ್ಕೊಹಾಲ್ ಹಾಳೆ ಬಳಸುತ್ತಾರೆ. ರೇಷ್ಮೆ ಸೀರೆಗೆ ಬಟ್ಟೆಸೋಡಾ ಹಾಕಬೇಡಿ ಎಂದು ಹಿರಿಯರು ಹೇಳುವುದರ ಹಿಂದೆಯೂ ಇದೇ ರಸಾಯನವಿದೆ.

ಬೆಂಕಿಯ ವಿಚಾರದಲ್ಲಿ ಎಚ್ಚರ ಬೇಕು. ‘ಎಳೆ ಬಿಟ್ಟರೆ ಊದುಬತ್ತಿ ತಾಗಿಸಿ, ಸರಿಹೋಗುತ್ತದೆ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಅರ್ಧ ನಿಜ. ಪಾಲಿಯೆಸ್ಟರ್ ಸುಮಾರು 250ರಿಂದ 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಆರಿದಾಗ ಎಳೆಗಳು ಒಂದಕ್ಕೊಂದು ಬೆಸೆಯುತ್ತವೆ. ಬಿಸಿ ಕಡ್ಡಿಯಿಂದ, ಲೇಸರ್‌ನಿಂದ ಕತ್ತರಿಸಿದ ಅಗ್ಗದ ಕಟ್‌ವರ್ಕ್ ದುಪಟ್ಟಾಗಳು ಹೊಲಿಗೆಯೇ ಇಲ್ಲದೆ ನಿಲ್ಲುವುದು ಹೀಗೆ. ಆದರೆ ಹತ್ತಿ, ಲಿನನ್, ರೇಯಾನ್ ಕರಗುವುದಿಲ್ಲ, ಸುಟ್ಟು ಕರಕಲಾಗುತ್ತವೆ. ರೇಷ್ಮೆಯೂ ಬೆಸೆಯುವುದಿಲ್ಲ. ಇವುಗಳಿಗೆ ಊದುಬತ್ತಿ ತಾಗಿಸಿದರೆ ತೂತು ದೊಡ್ಡದಾಗುತ್ತದೆ, ಅಷ್ಟೇ. ಬೆಸೆದ ಅಂಚಿಗೂ ಮಿತಿ ಇದೆ. ಅದು ಗಡುಸಾಗಿ ಕತ್ತು ಕಂಕುಳ ತರಚುತ್ತದೆ, ಮಡಚಿದಲ್ಲಿ ಬಿರುಕು ಬಿಡುತ್ತದೆ.

ಬೆಂಕಿ ತಾಗಿದಾಗ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ದೀಪ ಹಚ್ಚುವಾಗ, ಒಲೆಯ ಮುಂದೆ ನಿಂತಾಗ ಜೋಲುವ ಕಟ್‌ವರ್ಕ್ ತೋಳು ಬೇಡ. ಸುಟ್ಟರೆ ಮೊದಲು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಅಂಟಿದ ಬಟ್ಟೆಯನ್ನು ಕೀಳಬೇಡಿ, ವೈದ್ಯರ ಹತ್ತಿರ ಹೋಗಿ. ಟೂತ್‌ಪೇಸ್ಟ್, ಮಂಜುಗಡ್ಡೆ ಎರಡೂ ಬೇಡ. ಬಿಸಿ ಕಡ್ಡಿಯಲ್ಲಿ ದಿನವಿಡೀ ಬಟ್ಟೆ ಕತ್ತರಿಸುವವರಿಗೆ ಹೊಗೆಯ ತೊಂದರೆಯೂ ಇದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ಕೆಲಸ ಮಾಡಬಾರದು.

ಕಸೂತಿ ಮಾಡಿದರೆ ಕಣ್ಣು ಹೋಗುತ್ತದೆಯೇ?

ಬಿಳಿ ಬಟ್ಟೆಯ ಮೇಲೆ ಬಿಳಿ ದಾರ, ಅದೂ ಗಂಟೆಗಟ್ಟಲೆ. ಕಣ್ಣು ಉರಿಯುತ್ತದೆ, ತಲೆ ನೋಯುತ್ತದೆ, ನಿಜ. ಹತ್ತಿರದ ಕೆಲಸದಲ್ಲಿ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಒಳಗಿನ ಸ್ನಾಯು ದಣಿಯುತ್ತದೆ. ವಿಶ್ರಾಂತಿ ಕೊಟ್ಟರೆ ಇವು ಹೋಗುತ್ತವೆ. ವಯಸ್ಕರಲ್ಲಿ ಸೂಜಿಗೆಲಸ ಕಣ್ಣನ್ನು ಶಾಶ್ವತವಾಗಿ ಕೆಡಿಸುತ್ತದೆ ಎನ್ನಲು ಆಧಾರವಿಲ್ಲ. 40 ದಾಟಿದವರಿಗೆ ಸೂಜಿಕಣ್ಣು ಮಸುಕಾಗುವುದು ಕಸೂತಿಯ ತಪ್ಪಲ್ಲ. ವಯಸ್ಸಿನೊಂದಿಗೆ ಎಲ್ಲರ ಕಣ್ಣಿನ ಮಸೂರವೂ ಗಡುಸಾಗುತ್ತದೆ. ಮಕ್ಕಳ ವಿಷಯ ಬೇರೆ. ಹೊರಗೆ ಬೆಳಕಿನಲ್ಲಿ ಆಡದೆ ಸದಾ ಹತ್ತಿರದ ಕೆಲಸದಲ್ಲಿರುವ ಮಕ್ಕಳಲ್ಲಿ ಸಮೀಪದೃಷ್ಟಿ ಹೆಚ್ಚು ಕಾಣುತ್ತದೆ.

‘ಕನ್ನಡಕ ಹಾಕಿದರೆ ಕಣ್ಣು ಇನ್ನೂ ಕೆಡುತ್ತದೆ’ ಎಂದು ಮುಂದೂಡುವ ಕಸೂತಿ ಕೆಲಸಗಾರರಿಗೆ ಹೇಳಬೇಕಾದ ಮಾತೊಂದಿದೆ. ಅಸ್ಸಾಂನ ಚಹಾ ತೋಟಗಳಲ್ಲಿ 40 ದಾಟಿದ ಕೆಲಸಗಾರರಿಗೆ ಹತ್ತಿರ ನೋಡುವ ಸಾಮಾನ್ಯ ಕನ್ನಡಕ ಕೊಟ್ಟು ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಕನ್ನಡಕವಿಲ್ಲದವರಿಗೆ ಹೋಲಿಸಿದರೆ ಅವರು ಕೊಯ್ದ ಎಲೆ ಸುಮಾರು ಶೇ 22ರಷ್ಟು ಹೆಚ್ಚು ಏರಿತು. ಚಹಾ ಎಲೆಗಿಂತ ಸೂಜಿಯ ಮೊನೆ ಎಷ್ಟೋ ಚಿಕ್ಕದು. ತುಂಡಿಗಿಷ್ಟು ಎಂದು ಕೂಲಿ ಪಡೆಯುವವರಿಗೆ ಕನ್ನಡಕದ ಖರ್ಚು ಬೇಗ ಹಿಂದಿರುಗುತ್ತದೆ.

ಕೊಳ್ಳುವಾಗ, ಒಗೆಯುವಾಗ

ಬಟ್ಟೆಯನ್ನು ತಿರುವಿ ಹಿಂಬದಿ ನೋಡಿ. ಕೈಕೆಲಸದಲ್ಲಿ ಒಂದೇ ದಾರ ಇರುತ್ತದೆ, ಕಿಂಡಿಯ ಅಂಚಿನಲ್ಲಿ ಕುಣಿಕೆಗಳ ಸಾಲು ಬೆರಳಿಗೆ ತಾಗುತ್ತದೆ, ಒಂದು ಎಲೆ ಇನ್ನೊಂದರ ಪಡಿಯಚ್ಚಾಗಿರುವುದಿಲ್ಲ. ಯಂತ್ರದ್ದರಲ್ಲಿ ಮೇಲೆ ಕೆಳಗೆ ಎರಡು ದಾರಗಳು, ಹಿಂದೆ ಹೆಚ್ಚಾಗಿ ಬಿಳಿ ಬಾಬಿನ್ ನೂಲು, ಅಂಚಿನಲ್ಲಿ ಕುಣಿಕೆ ಇರುವುದಿಲ್ಲ. ಯಂತ್ರದ್ದು ಕೀಳು ಎಂದಲ್ಲ, ಒತ್ತಾಗಿ ಹೊಲಿದಿದ್ದರೆ ಅದೂ ಚೆನ್ನಾಗಿ ಬಾಳುತ್ತದೆ. ಆದರೆ ಯಂತ್ರದ್ದಕ್ಕೆ ಕೈಕೆಲಸದ ಬೆಲೆ ಕೊಡಬೇಕಿಲ್ಲ. ಕೈಕೆಲಸದವಳಿಗೆ ಯಂತ್ರದ ಕೂಲಿ ಕೊಡುವುದೂ ನ್ಯಾಯವಲ್ಲ. ಕಿಂಡಿಯ ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದಾಗ ಹೊಲಿಗೆಯ ನಡುವೆ ಬಟ್ಟೆಯ ಎಳೆ ಇಣುಕಿದರೆ ಬಿಟ್ಟುಬಿಡಿ. ಬ್ಲೌಸ್ ಹೊಲಿಸುವುದಾದರೆ ಕಂಕುಳು, ಮೊಣಕೈ ಮತ್ತು ಹುಕ್ಕಿನ ಪಟ್ಟಿಯ ಹತ್ತಿರ ಕಿಂಡಿ ಬೇಡವೆಂದು ಮೊದಲೇ ಹೇಳಿ.

ಕಟ್‌ವರ್ಕ್ ತಂಪೇ ಎಂದು ಕೇಳುವವರಿದ್ದಾರೆ. ಕಿಂಡಿಗಳಿಂದ ಗಾಳಿಯಾಡಿ ಬೆವರು ಬೇಗ ಆರುತ್ತದೆ, ಹೌದು. ಹಿಂದೆ ಒತ್ತು ನೇಯ್ಗೆಯ ಲೈನಿಂಗ್ ಕೊಟ್ಟರೆ ಆ ಲಾಭ ಹೋಯಿತು. ಲೈನಿಂಗ್ ಇಲ್ಲದಿದ್ದರೆ ಬಿಸಿಲೂ ಕಿಂಡಿಯಿಂದ ನೇರ ಚರ್ಮಕ್ಕೆ.

ಒಗೆಯುವ ಮುನ್ನ ಹುಕ್ಕು, ಜಿಪ್ಪು ಹಾಕಿಡಿ; ಕಿಂಡಿಗೆ ಸಿಕ್ಕಿ ಸೇತುವೆ ಕೀಳುವುದು ಅವೇ. ಕೈಯಲ್ಲಿ ಒಗೆದು, ಹಿಂಡದೆ ಒತ್ತಿ ನೀರು ತೆಗೆಯಿರಿ. ಯಂತ್ರಕ್ಕೇ ಹಾಕುವುದಾದರೆ ಜಾಲರಿ ಚೀಲದಲ್ಲಿ. ಹತ್ತಿ ಬಟ್ಟೆಗೆ ತೆಳು ಗಂಜಿ ಕೊಟ್ಟರೆ ಎಳೆಗಳು ಒಂದಕ್ಕೊಂದು ಅಂಟಿ ಅಂಚು ನೆಟ್ಟಗಿರುತ್ತದೆ. ದಪ್ಪ ಟವೆಲ್ ಹಾಸಿ, ಕಸೂತಿಯ ಮುಖ ಕೆಳಗೆ ಮಾಡಿ ಇಸ್ತ್ರಿ ಹಾಕಿ. ಇಸ್ತ್ರಿಯ ಮೊನೆ ಕಿಂಡಿಗೆ ಸಿಕ್ಕದಂತೆ ನೋಡಿಕೊಳ್ಳಿ.

ಸೇತುವೆಯೊಂದು ಕಡಿದರೆ ಗಾಬರಿ ಬೇಡ, ತಡವೂ ಬೇಡ. ನೇತಾಡುವ ದಾರವನ್ನು ಕತ್ತರಿಸಬೇಡಿ; ಸೂಜಿಗೆ ಪೋಣಿಸಿ ಹಿಂಬದಿಯ ಹೊಲಿಗೆಯೊಳಗೆ ತೂರಿಸಿ. ಕಿಂಡಿಯ ಕೆಳಗೆ ಗಟ್ಟಿ ಕಾಗದವೊಂದನ್ನು ಟಾಕಿ ಹಾಕಿ ಕೂರಿಸಿ, ಹೊಸ ದಾರವನ್ನು ಈ ದಡದ ಹೊಲಿಗೆಯಿಂದ ಆ ದಡದ ಹೊಲಿಗೆಗೆ ಮೂರು ಸಲ ಎಳೆದು, ಅದರ ಮೇಲೆ ಕಾಜಾ ಹೊಲಿಗೆ ಸುತ್ತುತ್ತ ಬಂದು, ದಾರದ ತುದಿಯನ್ನು ಹಿಂದೆ ಅಡಗಿಸಿ, ಟಾಕಿ ಬಿಚ್ಚಿ ಕಾಗದ ತೆಗೆಯಿರಿ.